ಹೆಬ್ಬೆರಳಿನ ಕೆಳಗಿನ ಅಂಕಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ. ಹೌದು, ಇದೆ, ಏನೀಗ? ನಮ್ಮ ಭಾವನಂಥ ಮನುಷ್ಯನ ಪಕ್ಕದಲ್ಲಿ ಇಪ್ಪತ್ತೈದು ವರ್ಷ ಅಂಗಡಿ ಇಟ್ಟುಕೊಂಡು ಕೂತು ನೋಡಿ, ಆಮೇಲೆ ಮಾತಾಡಿ. ಭಾವ ಅಂದರೆ ನಮ್ಮಕ್ಕನ ಗಂಡ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ನನ್ನದು ಪಕ್ಕದ ಜೆರಾಕ್ಸ್ ಅಂಗಡಿ, ಪ್ರಿಂಟೂ ತೆಗೆದುಕೊಡುತ್ತೇನೆ. ಎರಡಕ್ಕೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲೊಂದು ಸಣ್ಣ ಕಿಟಕಿ. ಆ ಕಿಟಕಿಯಲ್ಲಿ ತಲೆ ಹಾಕಿ ನಾನು ದಿನಕ್ಕೆ ಐವತ್ತು ಸಲ ಬೈಯುತ್ತೇನೆ, ಅವರು ಎರಡು ಸಲ "ಹೂಂ" ಅನ್ನುತ್ತಾರೆ. ಬಾಯಲ್ಲಿ ಯಾವಾಗಲೂ ಎರಡು ತಿರುಪು ಕಚ್ಚಿಕೊಂಡಿರುವ ಮನುಷ್ಯ ಇನ್ನೇನು ತಾನೇ ಹೇಳಿಯಾರು?

ಅಕ್ಕ ಅವರನ್ನು ಕರೆಯುತ್ತಿದ್ದದ್ದು "ಮೋಡ" ಅಂತ. "ಏ ಮೋಡ, ಕೆಳಗಿಳಿದು ಬಾ, ಊಟ ಆರಿಹೋಗ್ತಿದೆ" ಅಂತ ಬಾಗಿಲಿಂದ ಕೂಗಿದರೆ, ಈ ಮನುಷ್ಯ ಕಣ್ಣು ಮುಚ್ಚಿಕೊಂಡು, ಗಾಳಿಯಲ್ಲಿ ಬೆರಳಾಡಿಸುತ್ತಾ, ಇಲ್ಲದ ಯಂತ್ರದ ಇಲ್ಲದ ತಿರುಪು ಬಿಗಿ ಮಾಡುತ್ತಾ ಕೂತಿರುತ್ತಿದ್ದರು.

ಮಧ್ಯಾಹ್ನ ಮೂರು ಗಂಟೆಗೆ ಆ ಅಂಗಡಿ ನೋಡಬೇಕು ನೀವು. ಮೇಲಿನ ಮಬ್ಬುಗಾಜಿನಿಂದ ಬೆಳಕು ಹಾಲಿನ ಹಾಗೆ ಇಳಿಯುತ್ತೆ. ಸಾಲಾಗಿ ನಿಂತ ಕಪ್ಪು ಯಂತ್ರಗಳ ಬೆನ್ನೆಲ್ಲ ಬೆಳ್ಳಗಾಗುತ್ತೆ. ನೆಲದಲ್ಲಿ ದಾರದ ತುಂಡುಗಳು, ಗಾಳಿಯಲ್ಲಿ ಎಣ್ಣೆಯ ವಾಸನೆ, ಗೋಡೆಗೆ ತೂಗುಹಾಕಿದ ಬೆಲ್ಟುಗಳು ಒಂದಿಷ್ಟೂ ಅಲುಗಾಡುವುದಿಲ್ಲ. ರಸ್ತೆಯ ಸದ್ದು ಎಲ್ಲೋ ದೂರದ ಸದ್ದಿನ ಹಾಗೆ ಕೇಳುತ್ತೆ. ಆ ಹೊತ್ತಿಗೆ ಭಾವ ಕೈ ತೊಳೆದು, ಹಳೇ ಕಂಪ್ಯೂಟರ್ ಮುಂದೆ ಕೂತು ಪತ್ರ ನೋಡುತ್ತಾರೆ. ಎಲ್ಲೆಲ್ಲಿಂದಲೋ ಪತ್ರ ಬರುತ್ತೆ, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ.

"ನಮಸ್ಕಾರ. ಹಸಿರು ರಟ್ಟಿನ ಪುಸ್ತಕದ ಹದಿನಾಲ್ಕನೇ ಪುಟದಲ್ಲಿ, ಹೆಬ್ಬೆರಳಿನ ಕೆಳಗೆ ಯಾವ ಅಂಕಿ ಇದೆ?"

ಇದರ ಕಥೆ ಹೇಳುತ್ತೇನೆ ಕೇಳಿ. ಹಳೇ ಹೊಲಿಗೆ ಯಂತ್ರ ಕೊಂಡಾಗ ಅದರ ಡ್ರಾಯರಿನಲ್ಲಿ ಒಂದು ಸಣ್ಣ ಕೈಪಿಡಿ ಬರುತ್ತಿತ್ತು. ಯಾವ ತಿರುಪು ಎಷ್ಟು ಬಿಗಿ ಇರಬೇಕು, ಸೂಜಿಗೂ ಒಳಗಿನ ಕೊಕ್ಕೆಗೂ ನಡುವೆ ಎಷ್ಟು ಸಂದು ಬಿಡಬೇಕು, ಎಲ್ಲ ಅದರಲ್ಲಿರುತ್ತೆ. ಜನ ಯಂತ್ರ ಇಟ್ಟುಕೊಂಡು ಪುಸ್ತಕ ಎಸೆಯುತ್ತಾರೆ. ಯಂತ್ರ ಮಾಡಿದ ಕಂಪನಿಗಳು ಮುಚ್ಚಿ ಎಷ್ಟು ಕಾಲವಾಯಿತೋ. ನಮ್ಮ ಭಾವ ಮಾತ್ರ ಸಿಕ್ಕಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿ ಮಂಚದ ಕೆಳಗೆ ಇಟ್ಟುಕೊಂಡಿದ್ದರು. ಅರವತ್ತೆರಡು ಪುಸ್ತಕ.

ಹತ್ತು ವರ್ಷದ ಹಿಂದೆ ಅಕ್ಕ ಒಂದು ದಿನ ಕಸ ಗುಡಿಸುತ್ತಾ ಆ ಡಬ್ಬಗಳಿಗೆ ಪೊರಕೆ ತಾಗಿಸಿ ಶುರು ಮಾಡಿದಳು. "ಇವೆಲ್ಲ ಇಲ್ಲೇ ಕೊಳೆತು ಹೋಗ್ಬೇಕಾ? ಬೇಕಾದೋರಿಗೆ ಸಿಗೋ ಹಾಗೆ ಮಾಡು ಮೋಡ."

ಮೋಡ ಮಾಡಿತು. ಬಾಗುವ ಕತ್ತಿನ ಮೇಜುದೀಪಕ್ಕೆ ಎಲಾಸ್ಟಿಕ್ಕಿನಿಂದ ಕ್ಯಾಮೆರಾ ಕಟ್ಟಿ, ಕೆಳಗೆ ಪುಸ್ತಕ ಇಟ್ಟು, ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಒಂದು ತಿಂಗಳ ಮಧ್ಯಾಹ್ನವೆಲ್ಲ ಪುಟ ಪುಟದ ಫೋಟೋ ತೆಗೆದರು. ನಾನು ಆ ಕಡೆ ತಲೆ ಹಾಕಲಿಲ್ಲ, ನನಗೆ ಗಿರಾಕಿಗಳು. ಕ್ಯಾಮೆರಾದ ಕಾರ್ಡು ಕಿಟಕಿಯಿಂದ ಈಚೆ ಬಂತು. ನಾನು ಒಂದೇ ಸಲಕ್ಕೆ ಎಲ್ಲವನ್ನೂ ಕಪ್ಪು ಬಿಳುಪು ಮಾಡಿ, ಭಾವ ಹೇಳಿದ ರಟ್ಟಿನ ಬಣ್ಣವನ್ನೇ ಹೆಸರಿಟ್ಟು ಫೈಲು ಕಟ್ಟಿ, ಭಾವನ ಇಮೇಲ್ ವಿಳಾಸವನ್ನೂ ಹಾಕಿ, ಯಾರು ಬೇಕಾದರೂ ಬಿಟ್ಟಿ ಡೌನ್‌ಲೋಡ್ ಮಾಡಿಕೊಳ್ಳುವ ಒಂದು ತಾಣಕ್ಕೆ ಹಾಕಿದೆ. ಆಮೇಲೆ ತೆಗೆದು ನೋಡಿದರೆ, ರಾಮ ರಾಮಾ! ಪುಟ ಪುಟದಲ್ಲೂ ಕೆಳಗೆ ಬಲಮೂಲೆಯಲ್ಲಿ ಒಂದು ಕಪ್ಪು ಮುದ್ದೆ. ಪುಸ್ತಕ ಒತ್ತಿ ಹಿಡಿದ ಹೆಬ್ಬೆರಳು.

"ಭಾವ, ಎಲ್ಲಾ ಪುಟದಲ್ಲೂ ಬೆರಳು ಕೂತಿದೆ! ಹದಿನಾಲ್ಕನೇ ಪುಟದಲ್ಲಿ ಅಂಕಿ ಮೇಲೇ ಕೂತಿದೆ!" ಅಂತ ಕಿಟಕಿಯಿಂದ ಕಿರುಚಿದೆ.

"ಹೂಂ" ಅಂದರು. ಅವರ ಹಿಂದೆ ಅಕ್ಕ ನಗುವುದು ಕೇಳಿಸಿತು.

ಆಮೇಲೆ ಶುರುವಾಯಿತು ನೋಡಿ ಪತ್ರಗಳು ಬರೋದು. ಹನ್ನೊಂದು ಪುಸ್ತಕಗಳಲ್ಲಿ ಬೇಕಾದ ಅಂಕಿಯೇ ಬೆರಳಿನ ಕೆಳಗೆ. ಕೇಳಿದವರಿಗೆಲ್ಲ ಭಾವ ಅದೇ ದಿನ ಉತ್ತರ ಬರೆಯುತ್ತಿದ್ದರು. ಹನ್ನೊಂದು ಅಂಕಿಯೂ ಬಾಯಿಪಾಠ. ಅಂಕಿ ತಿಳಿದ ಮೇಲೆ ಆ ಜನ ಸುಮ್ಮನಾಗುತ್ತಿರಲಿಲ್ಲ. ನಮ್ಮಜ್ಜಿಯ ಯಂತ್ರ ಇದು ಅಂತ ಒಬ್ಬರು. ಹಡಗಿನ ಹಾಯಿ ಹೊಲಿಯುತ್ತೇನೆ ಅಂತ ಇನ್ನೊಬ್ಬರು. ಯಾರೋ ಒಬ್ಬ ಮುದುಕ ಯಂತ್ರ ಸರಿಹೋದ ಖುಷಿಗೆ ಅದು ಓಡುವ ಸದ್ದನ್ನೇ ಹಿಡಿದು ಕಳಿಸಿದ್ದ. ಭಾವ ಅದನ್ನು ವಾರಗಟ್ಟಲೆ ಕೇಳಿದರು. ಫೈಲಿನ ಪಕ್ಕದಲ್ಲಿ ಇವತ್ತು ಎಷ್ಟು ಡೌನ್‌ಲೋಡ್ ಅಂತ ಒಂದು ಅಂಕಿ ತೋರಿಸುತ್ತಿತ್ತಲ್ಲ, ಅದು ಮೂರಿದ್ದದ್ದು ನಾಲ್ಕಾದರೆ ಸಾಕು, ಕತ್ತು ವಾರೆ ಮಾಡಿ ಸುಮ್ಮನೆ ಕೂರುವರು.

"ಏನ್ ಕೇಳಿಸ್ಕೊಳ್ತಿದ್ದೀರಿ?" ಅಂದರೆ, "ಎಲ್ಲೋ ಒಂದು ಯಂತ್ರ ಓಡೋಕೆ ಶುರುವಾಯ್ತು ಪುಟ್ಟಿ" ಅನ್ನುವರು. ನನಗೆ ಐವತ್ತನಾಲ್ಕು, ಇನ್ನೂ ಪುಟ್ಟಿ.

ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. "ಇಷ್ಟು ಕಷ್ಟಪಟ್ಟು ಮಾಡಿದ್ದು, ಒಂದೊಂದಕ್ಕೆ ಏನಾದ್ರೂ ಬೆಲೆ ಇಟ್ಟಿದ್ರೆ ಆಗ್ತಿರ್ಲಿಲ್ವಾ?" ಅಂದೆ ಒಮ್ಮೆ.

ಆ ದಿನ ಬಾಯಲ್ಲಿ ತಿರುಪಿರಲಿಲ್ಲ. "ನೀನು ಇಟ್ಟಿದ್ದೀಯಲ್ಲ. ಬಿಟ್ಟಿ ಫೈಲಿಗೆ ಪುಟಕ್ಕಿಷ್ಟು ಅಂತ ತಗೊಳ್ತೀಯಲ್ಲ" ಅಂದರು.

"ಅದು ಕಾಗದಕ್ಕೆ ಭಾವ! ಶಾಯಿಗೆ!"

"ಹೂಂ" ಅಂದರು.

ಅಕ್ಕನ ವಿಷಯ ಹೇಳದಿದ್ದರೆ ಭಾವನ ವಿಷಯ ಅರ್ಧವೂ ಹೇಳಿದ ಹಾಗಾಗಲಿಲ್ಲ. ಭಾವ ರಿಪೇರಿ ಮಾಡಿದ ಯಂತ್ರವನ್ನೆಲ್ಲ ಪರೀಕ್ಷೆ ಮಾಡುತ್ತಿದ್ದವಳು ಅವಳು. ಬಟ್ಟೆಯ ತುಂಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಹೊಲಿದು, ಬೆಳಕಿಗೆ ಹಿಡಿದು, "ಇದಿನ್ನೂ ಅಳ್ತಾ ಇದೆ, ಇನ್ನೊಂಚೂರು ನೋಡು" ಅನ್ನುವಳು. ಅವಳು ಸೈ ಅನ್ನದೆ ಯಂತ್ರ ಗಿರಾಕಿಯ ಕೈಗೆ ಹೋಗುತ್ತಿರಲಿಲ್ಲ.

ಅವಳ ಬಲಗೈ ಹೆಬ್ಬೆರಳಿನ ಉಗುರು ಎರಡು ಸೀಳಾಗಿತ್ತು. ಅವಳಿಗೆ ಹನ್ನೆರಡು, ನನಗೆ ಏಳು. ಅಮ್ಮನ ಯಂತ್ರದಲ್ಲಿ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಚಕ್ರ ಹೊಳೆಯುತ್ತಿತ್ತು, ನನ್ನ ಕೈ ತುರಿಸುತ್ತಿತ್ತು, ಗರ್ರನೆ ತಿರುಗಿಸಿಬಿಟ್ಟೆ. ಸೂಜಿ ಉಗುರಿನ ಮಧ್ಯದಿಂದ ಕೆಳಗಿಳಿದು ಮುರಿಯಿತು. ಅಕ್ಕ ಕಿರುಚಲೂ ಇಲ್ಲ. ಅಮ್ಮ ಓಡಿ ಬಂದಾಗ, "ನಾನೇ ತಿರುಗಿಸ್ಕೊಂಡೆ" ಅಂದಳು. ನಾನು ಬಾಯಿ ಬಿಡಲಿಲ್ಲ. ಉಗುರು ಉದುರಿ, ಮತ್ತೆ ಬಂದು, ಬಂದಾಗಲೆಲ್ಲ ನಡುವೆ ಒಂದು ಗೆರೆ ಹೊತ್ತೇ ಬಂತು. ಅಮ್ಮ ಹೋಗುವ ತನಕ ಅಮ್ಮನಿಗೆ ನಿಜ ತಿಳಿಯಲಿಲ್ಲ, ಭಾವನಿಗೂ ತಿಳಿಯದು ಅಂದುಕೊಂಡಿದ್ದೆ. ಅಕ್ಕನೂ ನಾನೂ ಆ ಮಾತು ಒಮ್ಮೆಯೂ ಎತ್ತಲಿಲ್ಲ.

ಅಕ್ಕ ಹೋಗಿ ಮೂರು ವರ್ಷ. ನಾಲ್ಕು ದಿನದ ಜ್ವರ, ಅಷ್ಟೇ. ಆಮೇಲೆ ಭಾವ ಮಾತು ಬಿಟ್ಟರು. ಗಿರಾಕಿ ಬಂದರೆ ಯಂತ್ರ ನೋಡುವರು, ಮುಖ ನೋಡುತ್ತಿರಲಿಲ್ಲ. ನಾನು ಕಿಟಕಿಯಿಂದ ಬೈದರೆ ಆ ಎರಡು "ಹೂಂ" ಕೂಡ ಬರುತ್ತಿರಲಿಲ್ಲ, ಗೋಡೆಗೆ ಹೇಳಿದ ಹಾಗೆ. ಆದರೆ ಮೂರು ಗಂಟೆಯ ಪತ್ರಗಳು ಮಾತ್ರ ನಿಲ್ಲಲಿಲ್ಲ. ಅಲ್ಲಿ ಮಾತ್ರ ಅವರು ಉದ್ದುದ್ದ ಬರೆಯುತ್ತಿದ್ದರು, ಒಮ್ಮೊಮ್ಮೆ ಬರೆಯುತ್ತಾ ನಗುತ್ತಿದ್ದರು. ಈ ಮನುಷ್ಯನನ್ನು ನೆಲಕ್ಕೆ ಕಟ್ಟಿಹಾಕಿರುವುದು ಆ ಪತ್ರಗಳೇ ಅಂತ ನನಗೆ ಗೊತ್ತಾಗುತ್ತಿತ್ತು.

ಹೀಗಿರುವಾಗ ಆ ತಾಣದವರ ಸೂಚನೆ ಬಂತು. ಮುಂದಿನ ತಿಂಗಳ ಒಂದರಿಂದ ಬಿಟ್ಟಿ ಡೌನ್‌ಲೋಡ್ ಇರುವುದಿಲ್ಲ. ಪ್ರತಿ ಫೈಲಿಗೂ ಬೆಲೆ, ಹಾಕಿದವರಿಗೆ ಅದರಲ್ಲೊಂದು ಪಾಲು. ಕಾಸು ಕೊಟ್ಟು ಕೊಳ್ಳುವ ಪುಟ ಸ್ವಚ್ಛವಾಗಿರಬೇಕು. ಕಲೆ, ನೆರಳು, ಬೆರಳು ಇದ್ದ ಫೈಲುಗಳನ್ನು ಅಳಿಸಿಹಾಕಲಾಗುವುದು.

ನನ್ನ ಅಂಗಡಿಯಲ್ಲಿ ಅದೇ ಮಾತು. ಹಳೇ ಪ್ರಶ್ನೆಪತ್ರಿಕೆಗಳನ್ನು ಅಲ್ಲಿಂದಲೇ ತೆಗೆಸಿಕೊಳ್ಳುತ್ತಿದ್ದ ಮೇಷ್ಟ್ರು ಒಬ್ಬರು, "ಬಿಟ್ಟಿ ಕಾಲ ಮುಗೀತಮ್ಮ. ಮೊದಲು ರುಚಿ ಹತ್ತಿಸೋದು, ಆಮೇಲೆ ಬೀಗ ಹಾಕೋದು" ಅಂದರು. ಅವರ ಹಿಂದೆ ನಿಂತಿದ್ದ ದರ್ಜಿ, "ಅವರಿಗೂ ಕರೆಂಟಿಗೆ, ಬಾಡಿಗೆಗೆ ಬೇಡ್ವಾ ಸಾರ್? ಎಷ್ಟು ದಿನ ಅಂತ ಪುಗಸಟ್ಟೆ ಕೊಡ್ತಾರೆ?" ಅಂದ. ಇಬ್ಬರದೂ ಸರಿ ಅನ್ನಿಸಿತು ನನಗೆ, ಅದಕ್ಕೇ ಇಬ್ಬರ ಮೇಲೂ ಸಿಟ್ಟು ಬಂತು.

ಭಾವನಿಗೆ ಓದಿ ಹೇಳಿದೆ. "ಕಾಸು ಕೊಟ್ಟವರು ಪತ್ರ ಬರೆಯಲ್ಲ ಪುಟ್ಟಿ. ಎಲ್ಲ ಸಿಕ್ಕಿತು ಅಂದ್ಕೊಂಡು ಹೋಗಿಬಿಡ್ತಾರೆ" ಅಂದರು. ಮೂರು ವರ್ಷದಲ್ಲಿ ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು ಅದು.

"ಹಾಗಾದ್ರೆ ಬೆರಳು ಅಳಿಸಿ ಹಾಕೋಣ್ವಾ, ಬೇಡ್ವಾ?"

"ಬೇಡ. ಅವರು ಬೇಕಾದ್ರೆ ಫೈಲೇ ತೆಗೀಲಿ" ಅಂದು ತಿರುಪು ಬಾಯಿಗಿಟ್ಟುಕೊಂಡರು. ಮುಗಿಯಿತು.

ನನಗೆ ತಲೆ ಕೆಟ್ಟುಹೋಯಿತು. ಅಕ್ಕ ಬೇಕಾದವರಿಗೆಲ್ಲ ಸಿಗಲಿ ಅಂತ ಮಾಡಿಸಿದ್ದು. ಈಗ ಈ ಮೋಡ ಕೈಚೆಲ್ಲಿ ಕೂತರೆ ಅರವತ್ತೆರಡೂ ಗಾಳಿಗೆ ಹೋಗುತ್ತೆ. ಕಾಸು ಕೊಟ್ಟಾದರೂ ಸಿಗಲಿ, ಇಲ್ಲದೇ ಹೋಗುವುದಕ್ಕಿಂತ ವಾಸಿ ಅಲ್ಲವಾ? ತಾಣದ ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತು. ಭಾವನಿಗೆ ಹೇಳದೆ ನಾನೇ ಬೆರಳು ಅಳಿಸಲು ಕೂತೆ.

ಇಪ್ಪತ್ತು ಮಧ್ಯಾಹ್ನ. ಗಿರಾಕಿ ಇಲ್ಲದ ಹೊತ್ತು, ಫ್ಯಾನಿನ ಗುಂಯ್ ಸದ್ದು, ಪರದೆಯ ಮೇಲೆ ಪುಟದ ಮೇಲೆ ಪುಟ. ಮೌಸು ಒಂದು ಸುತ್ತು ಎಳೆಯುವುದು, ಒತ್ತುವುದು, ಬೆರಳಿದ್ದ ಕಡೆ ಬಿಳಿ. ಸಾವಿರದ ಮೇಲೆ ಪುಟ. ಕೊನೆಕೊನೆಗೆ ಕಣ್ಣು ಮುಚ್ಚಿದರೂ ಕಪ್ಪು ಬೆರಳು, ಬಿಳಿ ಮೂಲೆ, ಕಪ್ಪು ಬೆರಳು, ಬಿಳಿ ಮೂಲೆ. ನಿದ್ದೆಯಲ್ಲಿ ನಡೆದ ಹಾಗೆ ಮಾಡಿದೆ. ಅಂಕಿ ಮುಚ್ಚಿದ್ದ ಹನ್ನೊಂದು ಪುಟಗಳಲ್ಲಿ ಮಾತ್ರ ಬೆರಳು ಹೋದ ಮೇಲೆ ತೂತು ಉಳಿಯಿತು. ಹತ್ತರ ಉತ್ತರ ಭಾವನ ಹಳೇ ಪತ್ರಗಳಲ್ಲಿ ಸಿಕ್ಕಿತು, ಅವರು ಆಗೊಮ್ಮೆ ಈಗೊಮ್ಮೆ ಪ್ರಿಂಟು ತೆಗೆಸಿದ್ದ ಕೆಲವು ನನ್ನ ಹತ್ತಿರವೇ ಇದ್ದವು. ಹಸಿರು ಪುಸ್ತಕದ್ದು ಸಿಗಲಿಲ್ಲ. ಮೂಲ ಪುಸ್ತಕ ಅವರ ಮಂಚದ ಕೆಳಗೆ. ಕೇಳಿದರೆ ಗುಟ್ಟು ರಟ್ಟು. ಪಕ್ಕದ ನೀಲಿ ಪುಸ್ತಕದಲ್ಲಿ ಅದೇ ಥರದ ಯಂತ್ರದ ಚಿತ್ರ ಇತ್ತು. ಸೂಜಿಗೂ ಕೊಕ್ಕೆಗೂ ನಡುವಿನ ಸಂದಿಗೆ ಅಲ್ಲಿ ಬರೆದಿದ್ದ ಸೊನ್ನೆ ಪಾಯಿಂಟ್ ನಾಲ್ಕನ್ನೇ ಇಲ್ಲೂ ಕೂರಿಸಿದೆ. ನೋಡೋಕೆ ಒಂದೇ ಥರ ಇದ್ದರೆ ಒಳಗೂ ಒಂದೇ ಇರುತ್ತೆ ಅನ್ನುವ ಬುದ್ಧಿ ಜೆರಾಕ್ಸ್ ಅಂಗಡಿಯವಳದ್ದಲ್ಲದೆ ಇನ್ನಾರದ್ದು ಹೇಳಿ.

ಒಂದನೇ ತಾರೀಖು ಬಂತು. ಫೈಲುಗಳು ಉಳಿದವು, ಬೆಲೆ ಹಚ್ಚಿಕೊಂಡವು. ಪತ್ರ ನಿಂತಿತು.

ಮೊದಲ ದಿನ ಭಾವ ಮೂರು ಗಂಟೆಗೆ ಕೈ ತೊಳೆದು ಕೂತರು. ಎರಡನೇ ದಿನವೂ ಕೂತರು. ಎಂಟನೇ ದಿನ ಕೈ ತೊಳೆಯದೆ ಕೂತರು. ಎಣ್ಣೆ ಹಾಕಿದ ಯಂತ್ರಕ್ಕೇ ಮತ್ತೆ ಎಣ್ಣೆ ಹಾಕುವರು, ಒರೆಸುವರು, ಮತ್ತೆ ಹಾಕುವರು. ಹತ್ತನೇ ದಿನ ಕಂಪ್ಯೂಟರ್ ಹಾಕಲೇ ಇಲ್ಲ. ಬಾಯಲ್ಲಿ ತಿರುಪೂ ಇರಲಿಲ್ಲ. ನಾನು ಕಿಟಕಿಯಿಂದ, "ಊಟ ಮಾಡಿದ್ರಾ?" ಅಂದರೆ, ನನ್ನನ್ನು ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದರು. ಒಳ್ಳೇದು ಮಾಡಲು ಹೋಗಿ ಆ ಮನುಷ್ಯನ ಕೈಯಲ್ಲಿದ್ದ ಒಂದೇ ಒಂದು ದಾರ ಕತ್ತರಿಸಿದೆನಲ್ಲ ಅನ್ನಿಸಿತು. ಹೇಳೋಣ ಅಂದುಕೊಂಡೆ, ಏಳು ವರ್ಷದವಳಾಗಿದ್ದಾಗಿನ ಹಾಗೆ ಬಾಯಿ ಕಟ್ಟಿತು.

ಹದಿಮೂರನೇ ದಿನ ಒಂದು ಪತ್ರ ಬಂತು. ಅವರ ಕಂಪ್ಯೂಟರಿಗೆ ಧೂಳು ಹಿಡಿದಿತ್ತು. ನಾನೇ ಹೋಗಿ ಒರೆಸುವ ನೆಪದಲ್ಲಿ ಹಾಕಿದೆ, ಪತ್ರ ಕಂಡು ಭಾವನನ್ನು ಕೂರಿಸಿದೆ. ಶಾಲಾ ಸಮವಸ್ತ್ರ ಹೊಲಿಯುವ ಹೆಂಗಸು ಬರೆದಿದ್ದಳು.

"ಅಣ್ಣಾ, ಕಾಸು ಕೊಟ್ಟು ಹಸಿರು ಪುಸ್ತಕ ತಗೊಂಡೆ. ಹದಿನಾಲ್ಕನೇ ಪುಟದಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಅಂತಿದೆ. ಹಾಗೇ ಇಟ್ಟೆ, ಮೂರು ಹೊಲಿಗೆಗೆ ಒಂದು ತಪ್ಪಿಹೋಗ್ತಿದೆ. ಮೂವತ್ತು ಜೊತೆ ಬಟ್ಟೆ ಕೊಡೋದಿದೆ. ನನಗೆ ಕೆಲಸ ಕಲಿಸಿದವರ ಹತ್ತಿರ ಹಳೇ ಪ್ರತಿ ಇತ್ತಂತೆ, ಆ ಜಾಗದಲ್ಲಿ ಹೆಬ್ಬೆರಳಿತ್ತು, ಬೆರಳಿನವರನ್ನೇ ಕೇಳು ಅಂದರು."

ಭಾವ ಎರಡು ಸಲ ಓದಿದರು. "ನಾಲ್ಕಾ? ಯಾರು ಹೇಳಿದ್ದು ನಾಲ್ಕು ಅಂತ? ಅದು ಒಂದು" ಅಂದರು. ತಾಣ ತೆಗೆದು ಹೊಸ ಪುಟ ನೋಡಿದರು. ಬೆಳ್ಳಗಿನ ಮೂಲೆ.

"ಬೆರಳೆಲ್ಲಿ?"

ನಾನು ಸುಮ್ಮನಿರುವ ಜಾತಿಯವಳಲ್ಲ, ಹೆದರಿಕೆಯಾದರೆ ಇನ್ನೂ ಜೋರು. "ನಾನೇ ಅಳಿಸಿದೆ! ಇನ್ನೇನ್ ಮಾಡ್ಬೇಕಿತ್ತು? ನೀವು ಕೈಕಟ್ಟಿ ಕೂತ್ರಿ. ಅಕ್ಕ ಅಷ್ಟು ಆಸೆಪಟ್ಟು ಮಾಡಿಸಿದ್ದು ಹಾಳಾಗ್ಲಿ ಅಂತ ಬಿಡ್ಲಾ? ನಿಮ್ಮ ಎಣ್ಣೆ ಬೆರಳಿಗೋಸ್ಕರ ಅರವತ್ತೆರಡು ಪುಸ್ತಕ ಹೋಗ್ಬೇಕಿತ್ತಾ?"

"ನನ್ನ ಬೆರಳು ಅಂದ್ಕೊಂಡಿದ್ಯಾ?" ಅಂದರು ಭಾವ. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನಾನು ಕ್ಯಾಮೆರಾ ಒತ್ತುತ್ತಿದ್ದೆ ಪುಟ್ಟಿ. ದೀಪದ ಕತ್ತು ಹಿಡ್ಕೊಂಡು ನಿಂತಿರ್ತಿದ್ದೆ. ಪುಸ್ತಕ ಹಿಡಿಯೋಕೆ ನನಗೆ ಮೂರನೇ ಕೈ ಎಲ್ಲಿತ್ತು?"

ಡ್ರಾಯರಿನಿಂದ ಕ್ಯಾಮೆರಾದ ಆ ಹಳೇ ಕಾರ್ಡು ತೆಗೆದು ಹಾಕಿದರು. ಹದಿನಾಲ್ಕನೇ ಪುಟ ಬಂತು, ಬಣ್ಣದಲ್ಲಿ. ನಾನು ಇವತ್ತಿನವರೆಗೂ ಬಣ್ಣದಲ್ಲಿ ನೋಡೇ ಇರಲಿಲ್ಲ, ಬಂದ ದಿನವೇ ಕಪ್ಪು ಬಿಳುಪು ಮಾಡಿ ಕೈ ತೊಳೆದುಕೊಂಡಿದ್ದೆ. ಭಾವ ಮೂಲೆಯನ್ನು ದೊಡ್ಡದು ಮಾಡುತ್ತಾ ಹೋದರು. ಕಂದು ಬಣ್ಣದ ಮೃದುವಾದ ಬೆರಳು. ಉಗುರು. ಉಗುರಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ.

ಅಯ್ಯೋ, ಅಕ್ಕಾ.

"ಮೊದಲನೇ ದಿನವೇ ನೋಡಿದ್ಲು" ಅಂದರು ಭಾವ. "ಬೆರಳು ಬಂದಿದೆ, ಮತ್ತೆ ತೆಗೆಯೋಣ ಅಂದೆ. ಬೇಡ ಬಿಡು ಮೋಡ, ಎಲ್ಲಾನೂ ಕೊಟ್ಟುಬಿಟ್ರೆ ನಿನ್ನ ಯಾರು ಮಾತಾಡಿಸ್ತಾರೆ ಅಂದ್ಲು. ಬೇಕೂಂತ್ಲೇ ಆ ಹನ್ನೊಂದು ಕಡೆ ಅಂಕಿ ಮೇಲೆ ಇಟ್ಲು."

ಸಾವಿರದ ಮೇಲೆ ಪುಟ. ಒಂದೊಂದರಲ್ಲೂ ನನ್ನ ಕೈಯಾರೆ ಸುತ್ತು ಎಳೆದು, ಒತ್ತಿ ಅಳಿಸಿದ್ದೆ. ಅವಳ ಬೆರಳು ನನಗೆ ಗುರುತೇ ಸಿಗಲಿಲ್ಲ. ಅತ್ತೆ, ಜೋರಾಗಿಯೇ ಅತ್ತೆ, ಗಿರಾಕಿ ಬಾಗಿಲಿಗೆ ಬಂದು ವಾಪಸ್ ಹೋದರು. ಭಾವ ಪರೀಕ್ಷೆಗೆ ಇಟ್ಟಿದ್ದ ಬಟ್ಟೆಯ ತುಂಡೊಂದು ಕೊಟ್ಟರು ಕಣ್ಣೊರೆಸಿಕೊಳ್ಳಲು.

ಆಮೇಲೆ ಕೈ ತೊಳೆದು ಬಂದು ಉತ್ತರ ಬರೆದರು. ಸೊನ್ನೆ ಪಾಯಿಂಟ್ ಒಂದು. ಅದರ ಜೊತೆ ಬೆರಳಿದ್ದ ಪುಸ್ತಕವನ್ನೇ ಬಣ್ಣದಲ್ಲಿ ಪೂರ್ತಿ ಕಳಿಸಿದರು, ಬಿಟ್ಟಿಯಾಗಿ. ಆ ಸಂಜೆಯೇ ನಾನು ತಾಣದ ಹದಿನಾಲ್ಕನೇ ಪುಟದಿಂದ ನನ್ನ ಸುಳ್ಳು ಅಂಕಿ ತೆಗೆದೆ, ಉಳಿದ ಹತ್ತನ್ನೂ ತೆಗೆದೆ. ಹನ್ನೊಂದು ಕಡೆಯೂ ಜಾಗ ಖಾಲಿ ಬಿಟ್ಟು ಭಾವನ ವಿಳಾಸ ಬರೆದೆ. ಕಾಸು ಕೊಟ್ಟವರಿಗೆ ಸ್ವಚ್ಛ ಪುಟ, ಕೇಳಿದವರಿಗೆ ಬೆರಳಿನ ಪುಟ. ತಾಣದವರು ನಾಳೆ ಬೆಲೆ ಇನ್ನೂ ಏರಿಸಬಹುದು, ಬೀಗದ ಮೇಲೆ ಬೀಗ ಹಾಕಬಹುದು. ಹಾಕಿಕೊಳ್ಳಲಿ ಬಿಡಿ. ಭಾವನ ಮೂರು ಗಂಟೆಗೆ ಅವರು ಬೆಲೆ ಕಟ್ಟಲು ಆಗುವುದಿಲ್ಲ.

ನಾಲ್ಕು ದಿನ ಬಿಟ್ಟು ಆ ಸಮವಸ್ತ್ರ ಹೊಲಿಯುವವಳ ಪತ್ರ ಮತ್ತೆ ಬಂತು. ನಾನು ಭಾವನ ಪಕ್ಕದಲ್ಲೇ ನಿಂತಿದ್ದೆ, ಅವರ ಬಾಯಲ್ಲಿ ಎರಡು ತಿರುಪು ಇತ್ತು.

"ಅಣ್ಣಾ, ಹೊಲಿಗೆ ಸರಿಹೋಯ್ತು, ಮೂವತ್ತು ಜೊತೆಯೂ ಮುಗೀತು. ಒಂದು ಕೇಳ್ಲಾ? ಇದು ಹೆಂಗಸಿನ ಬೆರಳಲ್ವಾ? ಉಗುರಿನ ಮಧ್ಯ ಒಂದು ಗೆರೆ ಇದೆಯಲ್ಲ, ಅದು ಹೇಗಾಯ್ತು?"

ಭಾವ ಕುರ್ಚಿ ಬಿಟ್ಟು ಎದ್ದರು. ಕೀಬೋರ್ಡನ್ನು ನನ್ನ ಕಡೆ ತಳ್ಳಿದರು.

ನಾನು ಕೂತೆ. ಬೆಳಕು ಯಂತ್ರಗಳ ಬೆನ್ನ ಮೇಲಿತ್ತು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. "ಅದು ನಮ್ಮಕ್ಕನ ಬೆರಳು. ದಾರ ಪೋಣಿಸುವಾಗ ಸೂಜಿ ಇಳಿಯಿತು. ಚಕ್ರ ತಿರುಗಿಸಿದವಳು ನಾನು."

ಕಳಿಸಲು ಧೈರ್ಯ ಬರಲಿಲ್ಲ. ತಿರುಗಿ ನೋಡಿದರೆ ಭಾವ ನನ್ನ ಹೆಗಲ ಮೇಲಿಂದ ಓದುತ್ತಿದ್ದರು. ಬಾಯಿಂದ ತಿರುಪುಗಳನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು.

"ಗೊತ್ತು ಪುಟ್ಟಿ" ಅಂದರು. "ಮದುವೆಯಾದ ವಾರವೇ ಹೇಳಿದ್ಲು. ಕಳ್ಸು."